ಮಕ್ಕಳಿಗೆ ದಾರಿ ಬಿಟ್ಟ ಊರು

ಬೆಳಗಿನ ಎಂಟು ಗಂಟೆ ಹತ್ತು ನಿಮಿಷ. ಹೊರಗೆ ಜಿನುಗುಮಳೆ. ಮೇ ತಿಂಗಳ ನಡುವಿನಲ್ಲಿಯೂ ಮೈಸೂರಿನವನಾದ ನನಗೆ ಉಣ್ಣೆಯ ಅಂಗಿಯಿಲ್ಲದೆ ನಿಲ್ಲಲಾಗದಷ್ಟು ಚಳಿ. ಹಾಲೆಂಡ್ ದೇಶದ ಯುಟ್ರೆಕ್ಟ್ ನಗರದಲ್ಲಿ, ಅಕ್ಕನ ಮನೆಯ ಕಿಟಕಿಯ ಬಳಿ, ಕಾಫಿಯ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಕುಳಿತಿದ್ದೆ. ಕಾಲೇಜಿಗೆ ರಜ ದೊರೆತ ಮೂರು ವಾರಗಳನ್ನು ಅಕ್ಕನ ಮನೆಯಲ್ಲಿ ಕಳೆಯಬೇಕೆಂದು ಹಿಂದಿನ ರಾತ್ರಿಯಷ್ಟೇ ಬಂದಿಳಿದಿದ್ದೆ.

ಅಕ್ಕನ ಮಗಳು ಹನ್ನೊಂದು ವರ್ಷದವಳು. ಬೆನ್ನಿಗೆ ಚೀಲವೇರಿಸಿ, ಮಳೆಯಂಗಿಯ ಗುಂಡಿ ಹಾಕಿಕೊಂಡು, "ಹೋಗಿ ಬರ್ತೀನಮ್ಮ" ಎಂದವಳೇ ಬಾಗಿಲು ತೆರೆದು, ಗೋಡೆಗೆ ಒರಗಿಸಿದ್ದ ಸೈಕಲ್ಲನ್ನೇರಿ ಹೊರಟೇ ಹೋದಳು. ಅಕ್ಕ ತಲೆಯೆತ್ತಿ ನೋಡಲೂ ಇಲ್ಲ. ಒಲೆಯ ಮೇಲಿನ ಉಪ್ಪಿಟ್ಟನ್ನು ಮಗುಚುತ್ತ "ಹೂಂ, ಬಾ" ಎಂದಳು.

"ಜೊತೆಗೆ ಯಾರು ಹೋಗ್ತಾರೆ ಅಕ್ಕ?" ಎಂದು ಕೇಳಿದೆ.

"ಯಾರೂ ಇಲ್ಲ ಕಣೋ. ಅವಳೇ ಹೋಗ್ತಾಳೆ."

"ದಾರಿಯಲ್ಲಿ ದೊಡ್ಡ ರಸ್ತೆ ಸಿಕ್ಕುವುದಿಲ್ಲವೇ?"

"ಸಿಕ್ಕತ್ತೆ. ಅದಕ್ಕೇನು?"

ಆ "ಅದಕ್ಕೇನು?" ಎಂಬ ಒಂದು ಮಾತು ನನ್ನನ್ನು ಇಡೀ ದಿನ ಕಾಡಿತು. ಅಕ್ಕನೇನೂ ಧೈರ್ಯದ ಹೆಂಗಸಲ್ಲ. ಮೈಸೂರಿನಲ್ಲಿದ್ದಾಗ ನಾನು ಕೆರೆಯ ಏರಿಯ ಮೇಲೆ ನಿಂತರೂ ಕೂಗಿ ಕರೆಯುತ್ತಿದ್ದವಳು. ಅಂಥವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಮಳೆಯಲ್ಲಿ, ಪರದೇಶದ ಬೀದಿಯಲ್ಲಿ, ಒಂಟಿಯಾಗಿ ಕಳುಹಿಸಿ ನಿಶ್ಚಿಂತೆಯಿಂದ ಉಪ್ಪಿಟ್ಟು ಮಗುಚುತ್ತಿದ್ದಾಳೆ! ಬದಲಾದದ್ದು ಅಕ್ಕನೋ, ಬೀದಿಯೋ ಎಂದು ನಾನು ಯೋಚಿಸತೊಡಗಿದೆ.

ಹೀಗೆ ಯೋಚಿಸುವುದಕ್ಕೆ ನನಗೆ ನನ್ನದೇ ಆದ ಕಾರಣವಿತ್ತು. ನನಗೂ ಒಬ್ಬ ಮಗಳಿದ್ದಾಳೆ, ಎಂಟು ವರ್ಷ. ಮೈಸೂರಿನಲ್ಲಿ ನಮ್ಮ ಮನೆಯಿಂದ ಅವಳ ಶಾಲೆಗೆ ಮುಕ್ಕಾಲು ಕಿಲೋಮೀಟರು. ನಾನು ಹುಡುಗನಾಗಿದ್ದಾಗ ಇದರ ಮೂರರಷ್ಟು ದೂರವನ್ನು, ಹುಣಿಸೆಕಾಯಿ ಕಡಿಯುತ್ತ, ಗೆಳೆಯರೊಡನೆ ಜಗಳವಾಡುತ್ತ ನಡೆದವನು. ಆದುದರಿಂದ ಮಗಳೂ ನಡೆಯಲಿ ಎಂದು ಕೈಹಿಡಿದು ಕರೆದೊಯ್ಯುತ್ತಿದ್ದೆ. ಹಿಂದಿನ ವರ್ಷ ಆಗಸ್ಟ್ ತಿಂಗಳ ಒಂದು ಬೆಳಗ್ಗೆ, ತಿರುವಿನ ಅಂಗಡಿಯವರೆಗೆ ತಾನೊಬ್ಬಳೇ ಮುಂದೆ ಹೋಗುವೆನೆಂದು ಹಟ ಹಿಡಿದಳು. ಹೋಗಲಿ ಎಂದು ಕೈಬಿಟ್ಟೆ. ಕಾಲುದಾರಿಯ ಮೇಲೆ ಯಾರೋ ಜಲ್ಲಿ ಸುರಿದಿದ್ದರು. ಅದನ್ನು ಬಳಸಲು ಅವಳು ರಸ್ತೆಗಿಳಿದಳು. ಹಿಂದಿನಿಂದ ಬಂದ ಮೋಟಾರು ಬೈಕೊಂದು ಅವಳನ್ನು ತಳ್ಳಿಕೊಂಡು ಹೋಯಿತು. ಎಡಗೈಯ ಮೂಳೆ ಬಿರಿದಿತ್ತು. ಆರು ವಾರ ಕಟ್ಟು ಹಾಕಿಸಿಕೊಂಡಳು. ಕೈ ಕೂಡಿಕೊಂಡಿತು; ನನ್ನ ಧೈರ್ಯ ಮಾತ್ರ ಕೂಡಿಕೊಳ್ಳಲಿಲ್ಲ. ಅಂದಿನಿಂದ ಅವಳು ಆಟೋರಿಕ್ಷಾದಲ್ಲಿ ಇನ್ನೂ ಒಂಬತ್ತು ಮಕ್ಕಳೊಡನೆ, ಚೀಲಗಳು ಹೊರಗೆ ಜೋತಾಡುತ್ತಿರುವಂತೆ, ಆ ಮುಕ್ಕಾಲು ಕಿಲೋಮೀಟರನ್ನು ದಾಟುತ್ತಿದ್ದಳು. ಅದು ಸುರಕ್ಷಿತವೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಬೀದಿಯ ತುಂಬ ಮಕ್ಕಳು

ಮರುದಿನ ಅಕ್ಕನೊಡನೆ ನಾನೂ ಹೊರಟೆ. ಅಕ್ಕನ ಮಗನಿಗೆ ಏಳು ವರ್ಷ. ಅವನು ಇನ್ನೂ ಒಬ್ಬನೇ ಹೋಗುವಂತಿಲ್ಲ. ಅವನು ತನ್ನ ಪುಟ್ಟ ಸೈಕಲ್ಲಿನಲ್ಲಿ ಬಲಗಡೆಗೆ, ಅಕ್ಕ ತನ್ನ ಸೈಕಲ್ಲಿನಲ್ಲಿ ಅವನ ಎಡಗಡೆಗೆ. ಎದುರುಗಾಳಿ ಬೀಸಿದಾಗ ಅವಳ ಬಲಗೈ ಅವನ ಬೆನ್ನ ಮೇಲೆ. ಒಂದೇ ಕೈಯಲ್ಲಿ ಸೈಕಲ್ಲು ನಡೆಸುತ್ತ ಇನ್ನೊಂದು ಕೈಯಿಂದ ಮಗುವನ್ನು ಮೆಲ್ಲನೆ ನೂಕುವ ಈ ವಿದ್ಯೆಯನ್ನು ಅಲ್ಲಿಯ ತಾಯಂದಿರೆಲ್ಲರೂ ಬಲ್ಲರು. ನಾನು ಭಾವನ ಸೈಕಲ್ಲನ್ನೇರಿ ಹಿಂದೆ ಹಿಂದೆ ತೂಗಾಡುತ್ತ ಬಂದೆ. ಭಾವ ಆರಡಿ ಎತ್ತರದವರು. ನನ್ನ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಆ ಬೀದಿಯಲ್ಲಿ ಅಂದು ಅಪಾಯಕಾರಿಯಾದ ವಾಹನವೊಂದು ಇದ್ದರೆ ಅದು ನನ್ನದೇ ಆಗಿತ್ತು.

ಮನೆಯ ಸಂದಿಯಿಂದ ಹೊರಟು ದೊಡ್ಡ ರಸ್ತೆ ಸೇರಿದಾಗ ಅಕ್ಕನ "ಅದಕ್ಕೇನು?" ಎಂಬುದರ ಅರ್ಥವಾಗತೊಡಗಿತು. ಮೋಟಾರುಗಳಿಗೆ ಒಂದು ದಾರಿ; ಅದರ ಪಕ್ಕದಲ್ಲಿ ಹುಲ್ಲಿನ ಪಟ್ಟಿ; ಆಚೆಗೆ ಕೆಂಪು ಬಣ್ಣದ ನುಣುಪಾದ ಸೈಕಲ್ ದಾರಿ; ಅದರಾಚೆಗೆ ನಡೆಯುವವರ ದಾರಿ. ಒಂದರೊಳಗೆ ಇನ್ನೊಂದು ನುಗ್ಗುವಂತಿಲ್ಲ. ಸಣ್ಣ ಬೀದಿಗಳಲ್ಲಿ ಇಂಥ ಭಾಗವೇ ಇಲ್ಲ. ಅಲ್ಲಿ ಮೋಟಾರು ಗಂಟೆಗೆ 30 ಕಿಲೋಮೀಟರನ್ನು ಮೀರುವಂತಿಲ್ಲ. ಮೀರುವುದೂ ಸುಲಭವಲ್ಲ, ಇಟ್ಟಿಗೆಯ ನೆಲ, ಕಿರಿದಾದ ತಿರುವು, ಅಲ್ಲಲ್ಲಿ ಉಬ್ಬು. ಅಡ್ಡರಸ್ತೆಯ ಬಾಯಲ್ಲಿ ಕಾಲುದಾರಿ ತಗ್ಗಿ ರಸ್ತೆಗೆ ಇಳಿಯುವುದಿಲ್ಲ. ರಸ್ತೆಯೇ ಕಾಲುದಾರಿಯ ಮಟ್ಟಕ್ಕೆ ಏರಿ ಬರುತ್ತದೆ. ಅಂದರೆ ಅಲ್ಲಿ ಮಗು ಮೋಟಾರಿನ ಜಾಗವನ್ನು ದಾಟುವುದಿಲ್ಲ, ಮೋಟಾರು ಮಗುವಿನ ಜಾಗವನ್ನು ದಾಟುತ್ತದೆ. ಕಲ್ಲು ಗಾರೆಯ ಕೆಲಸದಲ್ಲಿ ಇಷ್ಟು ಸಣ್ಣ ವ್ಯತ್ಯಾಸ. ಆದರೆ ಯಾರು ಯಾರಿಗಾಗಿ ನಿಲ್ಲಬೇಕೆಂಬುದನ್ನು ಅದು ಪೋಲೀಸನಿಲ್ಲದೆಯೇ ತಿಳಿಸುತ್ತದೆ.

ಶಾಲೆಯ ಬಳಿಗೆ ಬಂದಂತೆ ಎಲ್ಲ ಸಂದಿಗಳಿಂದಲೂ ಮಕ್ಕಳು ಸೈಕಲ್ಲುಗಳಲ್ಲಿ ಬಂದು ಸೇರತೊಡಗಿದರು. ಹಳ್ಳಗಳು ಹೊಳೆಗೆ ಕೂಡುವಂತೆ. ಮುಂದೆ ಮರದ ದೊಡ್ಡ ಪೆಟ್ಟಿಗೆಯನ್ನು ಜೋಡಿಸಿದ ಸೈಕಲ್ಲೊಂದರಲ್ಲಿ ಮೂರು ಮಕ್ಕಳು ಕುಳಿತು ಹಾಡಿಕೊಳ್ಳುತ್ತ ಬಂದರು. ತುಳಿಯುತ್ತಿದ್ದ ತಂದೆ ಕೋಟು ಹಾಕಿ ಕಚೇರಿಗೆ ಹೊರಟವನು. ನಡೆದು ಬಂದವರೂ ಬಹಳ. ಹಾರನ್ನಿನ ಸದ್ದೇ ಇಲ್ಲ. ಎಂಟೂವರೆಗೆ ಗಂಟೆ ಬಾರಿಸಿತು. ಐದು ನಿಮಿಷದಲ್ಲಿ ಬೀದಿ ಮತ್ತೆ ಖಾಲಿ.

ಆ ಸಂಜೆ ಅಕ್ಕನ ಮಗಳು "ಬಾ ಮಾವ, ನಿನಗೊಂದು ತಮಾಷೆ ತೋರಿಸ್ತೀನಿ" ಎಂದು ಊರ ಪಶ್ಚಿಮದ ದೊಡ್ಡ ಕಾಲುವೆಯ ಬಳಿಗೆ ಕರೆದೊಯ್ದಳು. 2017ರಲ್ಲಿ ಅಲ್ಲಿ ನಡೆಯುವವರಿಗಾಗಿಯೂ ಸೈಕಲ್ಲಿನವರಿಗಾಗಿಯೂ ಒಂದು ಸೇತುವೆಯನ್ನು ಕಟ್ಟಿ, ಆ ಊರಿನ ಓಟಗಾರ್ತಿ ಡಾಫ್ನೆ ಶಿಪ್ಪರ್ಸ್ ಅವರ ಹೆಸರನ್ನಿಟ್ಟಿದ್ದಾರೆ. ಸೇತುವೆಗೆ ಏರುವ ದಾರಿ ಸುತ್ತಿ ಸುತ್ತಿ ಹೋಗಿ ಒಂದು ಪ್ರಾಥಮಿಕ ಶಾಲೆಯ ಮಾಡಿನ ಮೇಲೆಯೇ ಹಾಯುತ್ತದೆ. ಕೆಳಗೆ ಮಕ್ಕಳ ಪಾಠ, ಮೇಲೆ ಊರವರ ಸೈಕಲ್ಲು! ಜಾಗ ಸಾಲದೆಂದಾಗ ಸೇತುವೆಯನ್ನೂ ಶಾಲೆಯನ್ನೂ ಆಟದ ಅಂಗಳವನ್ನೂ ಒಂದೇ ಕಟ್ಟಡವಾಗಿ ಯೋಚಿಸಿದರಂತೆ. ಮಾಡಿನ ಮೇಲೆ ನಿಂತು ಕಾಲುವೆಯಲ್ಲಿ ತೇಲುವ ದೋಣಿಗಳನ್ನು ನೋಡಿದಾಗ, ನಮ್ಮಲ್ಲಿ ಜಾಗವಿಲ್ಲ ಎಂಬ ಮಾತನ್ನು ನಾವು ಎಷ್ಟು ಬೇಗ ಆಡಿಬಿಡುತ್ತೇವಲ್ಲ ಎನ್ನಿಸಿತು.

ನೆರೆಮನೆಯ ಅಜ್ಜಿ ಹೇಳಿದ ಕಥೆ

ಈ ಡಚ್ಚರು ಹುಟ್ಟುವಾಗಲೇ ಸೈಕಲ್ಲಿನ ಮೇಲೆ ಹುಟ್ಟಿದವರೆಂದು ನಾನು ತಿಳಿದಿದ್ದೆ. ಈ ಭ್ರಮೆಯನ್ನು ಕಳೆದವರು ಅಕ್ಕನ ನೆರೆಮನೆಯ ವೃದ್ಧೆ. ಎಂಬತ್ತು ದಾಟಿದ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಆಕೆ ಭಾನುವಾರ ಅಕ್ಕನ ಮನೆಗೆ ಬಂದು, ಕೋಡುಬಳೆಯನ್ನು ಬಹು ಗೌರವದಿಂದ ಮುರಿದು ತಿನ್ನುತ್ತ ಹೇಳಿದರು:

"ನನ್ನ ಮಕ್ಕಳು ಚಿಕ್ಕವರಾಗಿದ್ದಾಗ ಈ ಬೀದಿ ಹೀಗಿರಲಿಲ್ಲ. ಬಾಗಿಲು ತೆರೆಯಲು ನನಗೂ ಭಯವಾಗುತ್ತಿತ್ತು."

ಎರಡನೆಯ ಮಹಾಯುದ್ಧದ ನಂತರ ಆ ದೇಶಕ್ಕೆ ಸಂಪತ್ತು ಬಂದಿತು. ಸಂಪತ್ತಿನೊಡನೆ ಮೋಟಾರು ಬಂದಿತು. ಸೈಕಲ್ಲು ಬಡವನ ವಾಹನವೆನ್ನಿಸಿತು. ರಸ್ತೆಗಳನ್ನು ಅಗಲಿಸಿದರು, ಹಳೆಯ ಮನೆಗಳನ್ನು ಕೆಡವಿದರು, ಸೈಕಲ್ ದಾರಿಗಳನ್ನು ಅಳಿಸಿದರು. ಯುಟ್ರೆಕ್ಟಿನ ಹಳೆಯ ಕೋಟೆಯ ಕಂದಕವಾದ ಕಾಥರೈನ್‌ಸಿಂಗಲ್ ಎಂಬುದರ ಒಂದು ಭಾಗವನ್ನೇ ಬತ್ತಿಸಿ ಮೋಟಾರು ರಸ್ತೆ ಮಾಡಿದರು. ಆಮ್‌ಸ್ಟರ್‌ಡ್ಯಾಮಿನಲ್ಲಿ 1967ರಲ್ಲಿ ಜೋಕಿನೆನ್ ಎಂಬ ಅಮೆರಿಕನ್ ತಜ್ಞನು, ಕೂಲಿಕಾರರ ಬಡಾವಣೆಗಳನ್ನು ಒಡೆದು ನಗರದ ಹೃದಯಕ್ಕೆ ಹೆದ್ದಾರಿಯನ್ನು ತರುವ ಯೋಜನೆಯನ್ನೇ ಮುಂದಿಟ್ಟನು.

ಇದರ ಬೆಲೆಯನ್ನು ತೆತ್ತವರು ಯಾರು? 1971ರ ಒಂದು ವರ್ಷದಲ್ಲಿ, ಸುಮಾರು 1 ಕೋಟಿ 30 ಲಕ್ಷ ಜನಸಂಖ್ಯೆಯ ಆ ಪುಟ್ಟ ದೇಶದಲ್ಲಿ, ಸುಮಾರು 3,300 ಜನ ರಸ್ತೆಗಳಲ್ಲಿ ಸತ್ತರು. ಅವರಲ್ಲಿ 400ಕ್ಕೂ ಮಿಕ್ಕವರು ಮಕ್ಕಳು. ಹಾಗೆ ಸತ್ತ ಮಕ್ಕಳಲ್ಲಿ ಒಬ್ಬಳು, ಸೈಕಲ್ಲಿನಲ್ಲಿ ಶಾಲೆಗೆ ಹೊರಟಿದ್ದ ಆರು ವರ್ಷದ ಹುಡುಗಿ, ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತನ ಮಗಳು. ಆತ ತನ್ನ ಶೋಕವನ್ನು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ. 1972ರಲ್ಲಿ ‘ದ ಟೈಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದನು. ಅದರ ತಲೆಬರಹ, "ಮಕ್ಕಳ ಕೊಲೆಯನ್ನು ನಿಲ್ಲಿಸಿ". ಅಪಘಾತ ಎಂಬ ಮೃದುವಾದ ಮಾತನ್ನು ಆತ ಬಳಸಲಿಲ್ಲ. ಆ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆಯಾದವರು ಮಾರ್ಟ್ಯೆ ವಾನ್ ಪುಟೆನ್ ಎಂಬ ಎಳೆಯ ತಾಯಿ. ಮುಂದೆ ಯುರೋಪಿನ ಪಾರ್ಲಿಮೆಂಟಿನ ಸದಸ್ಯೆಯಾದರು.

"ನಾವು ಬೀದಿಗೆ ಮೇಜು ತಂದು ಊಟ ಮಾಡಿದೆವು. ಮಕ್ಕಳು ರಸ್ತೆಯಲ್ಲಿ ಅಡ್ಡ ಮಲಗಿದರು. ಮೋಟಾರಿನವರು ಬೈದರು. ಬೈದವರಲ್ಲಿ ನನ್ನ ಗಂಡನ ಅಣ್ಣನೂ ಒಬ್ಬ" ಎಂದು ಅಜ್ಜಿ ನಕ್ಕರು.

1973ರಲ್ಲಿ ಇನ್ನೊಂದು ಸಂದರ್ಭ ಒದಗಿತು. ಅರಬ್ ದೇಶಗಳು ಎಣ್ಣೆಯನ್ನು ತಡೆಹಿಡಿದುದರಿಂದ, ನವೆಂಬರ್ 4ರಿಂದ ಕೆಲವು ಭಾನುವಾರಗಳಂದು ಮೋಟಾರು ಓಡಿಸಬಾರದೆಂದು ಡಚ್ ಸರ್ಕಾರ ಕಟ್ಟಳೆ ಮಾಡಿತು. ಆ ಭಾನುವಾರಗಳಲ್ಲಿ ಹೆದ್ದಾರಿಗಳ ಮೇಲೆ ಮಕ್ಕಳು ಚಕ್ರದ ಬೂಟು ಕಟ್ಟಿಕೊಂಡು ಜಾರಿದರಂತೆ. ಮೋಟಾರಿಲ್ಲದ ಬೀದಿ ಹೇಗಿರುತ್ತದೆಂಬುದನ್ನು ಜನ ಕಣ್ಣಾರೆ ಕಂಡರು. ಎರಡು ವರ್ಷಗಳ ತರುವಾಯ, 1975ರಲ್ಲಿ, ಸೈಕಲ್ಲಿನವರ ಸಂಘವೂ ಹುಟ್ಟಿತು. ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಪ್ರಯೋಗಾರ್ಥವಾಗಿ ಸೈಕಲ್ ದಾರಿಗಳನ್ನು ಹಾಕಿ ನೋಡಿದರು. ಹೀಗೆ ಒಂದೊಂದು ಬೀದಿಯಾಗಿ, ಒಂದೊಂದು ಜಗಳವಾಗಿ, ಐವತ್ತು ವರ್ಷಗಳಲ್ಲಿ ಈ ಊರು ಹೀಗಾಯಿತು. ಬತ್ತಿಸಿದ್ದ ಆ ಕಂದಕಕ್ಕೆ 2020ರಲ್ಲಿ ಮತ್ತೆ ನೀರು ಹರಿಸಿದರು. ಮೋಟಾರು ಓಡುತ್ತಿದ್ದಲ್ಲಿ ಬಾತುಕೋಳಿಗಳು ಈಜುವುದನ್ನು ನಾನೇ ನೋಡಿದೆ.

ಬೀದಿಯೇ ಅಂಗಳ

ಅಜ್ಜಿಯ ಮಾತು ಕೇಳಿದ ಮೇಲೆ ಗಾಳಿಯಂತ್ರಗಳನ್ನೂ ಹೂವಿನ ತೋಟಗಳನ್ನೂ ನೋಡುವ ನನ್ನ ಆಸೆ ಹಿಂದೆ ಬಿದ್ದಿತು. ಆಮ್‌ಸ್ಟರ್‌ಡ್ಯಾಮಿನ ಡ ಪೈಪ್ ಎಂಬ ಬಡಾವಣೆಗೆ ಹೋದೆ. ಎತ್ತರದ ಹಳೆಯ ಮನೆಗಳ ನಡುವೆ ಇಕ್ಕಟ್ಟಾದ ಬೀದಿಗಳು. 1972ರಲ್ಲಿ ಇಲ್ಲಿಯ ಶಾಲೆಯೊಂದರ ಮಕ್ಕಳು ತಮಗೆ ಆಡಲು ಜಾಗ ಬೇಕೆಂದು ಮನೆಮನೆಗೆ ಹೋಗಿ ಸಹಿ ಕೂಡಿಸಿದರು. ಬೀದಿಗೆ ಅಡ್ಡಗಟ್ಟಿ ಆಟವಾಡಿದರು. ಸಿಟ್ಟಾದ ಮೋಟಾರಿನವರ ಎದುರು ನಿಂತು ವಾದ ಮಾಡಿದರು. ಟೆಲಿವಿಷನ್‌ಗಾಗಿ ಆಗ ತೆಗೆದ ಚಿತ್ರದಿಂದ ಆ ಮಕ್ಕಳ ಮುಖಗಳು ಇಂದಿಗೂ ಉಳಿದಿವೆ. ನಾನು ಹೋದಾಗ ಅಂಥದೇ ಒಂದು ಬೀದಿಯಲ್ಲಿ ಇಬ್ಬರು ಹುಡುಗಿಯರು ಸೀಮೆಸುಣ್ಣದಿಂದ ಕುಂಟಾಬಿಲ್ಲೆಯ ಮನೆ ಬರೆದು ಕುಪ್ಪಳಿಸುತ್ತಿದ್ದರು.

ಅಲ್ಲಿಂದ ಡೆಲ್ಫ್ಟ್. ನೀಲಿ ಬಣ್ಣದ ಪಿಂಗಾಣಿಗೂ ವರ್ಮೀರ್ ಎಂಬ ಚಿತ್ರಕಾರನಿಗೂ ಹೆಸರಾದ ಊರು. ನಾನು ಹೋದದ್ದು ‘ವೋನೆರ್ಫ್’ ನೋಡುವುದಕ್ಕೆ. ವಾಸದ ಅಂಗಳ ಎಂದು ಆ ಮಾತಿನ ಅರ್ಥ. 1960ರ ದಶಕದ ಕೊನೆಯಲ್ಲಿ ಈ ಊರಿನಲ್ಲಿ ಆರಂಭವಾದ ಈ ಏರ್ಪಾಡಿಗೆ 1976ರಲ್ಲಿ ಕಾನೂನಿನ ಮನ್ನಣೆ ದೊರೆಯಿತು. ಅಲ್ಲಿ ಬೀದಿ, ಕಾಲುದಾರಿ ಎಂಬ ಭೇದವಿಲ್ಲ. ನಡುವೆ ಮರ, ಬೆಂಚು, ಹೂಕುಂಡ. ಮೋಟಾರು ಬರಬಹುದು, ಆದರೆ ಮನುಷ್ಯನ ನಡಿಗೆಯ ವೇಗದಲ್ಲಿ, ಅತಿಥಿಯಂತೆ ಬರಬೇಕು. ಬಾಯಲ್ಲಿ ಒಂದು ನೀಲಿ ಫಲಕ. ಅದರಲ್ಲಿ ಮನೆ, ದೊಡ್ಡವನೊಬ್ಬ, ಚೆಂಡಾಡುವ ಮಗು, ಚಿಕ್ಕದಾಗಿ ಒಂದು ಕಾರು. ನಮ್ಮ ಅಗ್ರಹಾರದ ಬೀದಿಗಳಲ್ಲಿ ರಂಗೋಲಿಯಿಟ್ಟು, ಜಗಲಿಯ ಮೇಲೆ ಕುಳಿತು, ಕರುವನ್ನೂ ಮಕ್ಕಳನ್ನೂ ಒಟ್ಟಿಗೆ ಆಡಲು ಬಿಡುತ್ತಿದ್ದ ಕಾಲವನ್ನು ಕಂಡ ನಮ್ಮ ತಾತನವರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಇನ್ನೊಂದು ದಿನ, ಯುಟ್ರೆಕ್ಟಿಗೆ ಹತ್ತು ನಿಮಿಷದ ರೈಲುದಾರಿಯಲ್ಲಿರುವ ಹೌಟೆನ್. ಸುಮಾರು ಐವತ್ತು ಸಾವಿರ ಜನರ ಈ ಊರನ್ನು ರಾಬರ್ಟ್ ಡೆರ್ಕ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಬೆಳೆಸಿದ್ದಾರೆ. ಮೋಟಾರಿನವನು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಊರ ಹೊರಗಿನ ವರ್ತುಲ ರಸ್ತೆಗೆ ಹೋಗಿ ಸುತ್ತಿ ಬರಬೇಕು. ಸೈಕಲ್ಲಿನವನಿಗೂ ನಡೆಯುವವನಿಗೂ ಊರ ನಡುವೆ ನೇರವಾದ ದಾರಿ. ಹೆಚ್ಚಿನ ಶಾಲೆಗಳು ಆ ದಾರಿಯ ಮೇಲೆಯೇ ಇವೆ. ನಡೆಯಿರಿ, ನಡೆಯಿರಿ ಎಂದು ಉಪದೇಶ ಮಾಡುವ ಫಲಕವನ್ನು ನಾನು ಅಲ್ಲಿ ಕಾಣಲಿಲ್ಲ. ನಡೆಯುವುದೇ ಸುಲಭವಾಗಿರುವಲ್ಲಿ ಉಪದೇಶ ಯಾಕೆ?

ಬಾಲಕಿಯ ಪರೀಕ್ಷೆ

ನಾನು ಹೊರಡುವ ವಾರ ಅಕ್ಕನ ಮಗಳಿಗೆ ಸಂಚಾರ ಪರೀಕ್ಷೆ. ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಪ್ರಾಥಮಿಕ ಶಾಲೆಗಳಲ್ಲಿ ನಡೆಯುವ ಈ ಪರೀಕ್ಷೆ 1930ರ ದಶಕದಿಂದ ಬಂದ ಸಂಪ್ರದಾಯ. ಮೊದಲು ಬರಹದ ಪರೀಕ್ಷೆ. ಬಳಿಕ ನಿಜವಾದ ಬೀದಿಯಲ್ಲಿ ಸೈಕಲ್ಲು ನಡೆಸಿ ತೋರಿಸಬೇಕು. ಒಂದೊಂದು ತಿರುವಿನಲ್ಲಿಯೂ ತಂದೆತಾಯಿಯರೋ ಊರ ಹಿರಿಯರೋ ಕಾಗದ ಹಿಡಿದು ನಿಂತಿರುತ್ತಾರೆ. ನೆರೆಮನೆಯ ಅಜ್ಜಿಗೆ ನಾಲ್ಕನೆಯ ತಿರುವು. ಅವರ ಕೊಡೆ ಹಿಡಿಯುವ ಕೆಲಸ ನನಗೆ.

ಎದೆಗೆ ಸಂಖ್ಯೆ ಕಟ್ಟಿಕೊಂಡ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಕೈ ಚಾಚಿದರೇ? ಹಿಂತಿರುಗಿ ನೋಡಿದರೇ? ಬಲಗಡೆಯಿಂದ ಬರುವವನಿಗೆ ದಾರಿ ಬಿಟ್ಟರೇ? ಅಜ್ಜಿ ಗುರುತು ಹಾಕುತ್ತಿದ್ದರು. ಹದಿನೇಳನೆಯವಳು ನಮ್ಮ ಹುಡುಗಿ. ಕೈ ಚಾಚಿದಳು, ವೇಗ ತಗ್ಗಿಸಿದಳು, ತಿರುಗಿದಳು. ಆದರೆ ಹಿಂದಕ್ಕೆ ನೋಡಲಿಲ್ಲ. ನಾನು ಉಸಿರು ಹಿಡಿದೆ. ಅಜ್ಜಿ ನನ್ನ ಮುಖವನ್ನು ನೋಡಿದರು, ಕಾಗದವನ್ನು ನೋಡಿದರು, ತಪ್ಪೆಂದು ಗುರುತು ಹಾಕಿಯೇಬಿಟ್ಟರು. ಕೋಡುಬಳೆಯ ಋಣ ಅಲ್ಲಿ ನಡೆಯಲಿಲ್ಲ.

ಒಟ್ಟಿನಲ್ಲಿ ಅವಳು ತೇರ್ಗಡೆಯಾದಳು. ಆದರೂ ಮನೆಗೆ ಬಂದವಳೇ, "ಮಾವ, ನಾಲ್ಕನೇ ತಿರುವಿನಲ್ಲಿ ನಿನ್ನನ್ನು ನೋಡಿ ನಗು ಬಂತು. ಅದಕ್ಕೇ ಹಿಂದೆ ನೋಡೋದು ಮರೆತೆ" ಎಂದು ತಪ್ಪನ್ನು ನನ್ನ ತಲೆಗೇ ಕಟ್ಟಿದಳು. ಊಟದ ಹೊತ್ತಿಗೆ ಮಾತ್ರ ಮೆಲ್ಲನೆ, "ಅಜ್ಜಿ ಗುರುತು ಹಾಕಿದ್ದು ಸರಿ" ಎಂದಳು.

ಅಂದು ರಾತ್ರಿ ಅಜ್ಜಿಯನ್ನು ಕೇಳಿದೆ: ಮಕ್ಕಳಿಗೆ ಇಷ್ಟು ಕಲಿಸಿದರೆ ಸಾಕೇ? ಅವರು ತಲೆಯಾಡಿಸಿದರು. "ಮಗುವಿಗೆ ಕಲಿಸುವುದು ಅರ್ಧ. ಮಗು ತಪ್ಪು ಮಾಡಿದರೂ ಸಾಯದಂತೆ ಬೀದಿ ಕಟ್ಟುವುದು ಇನ್ನರ್ಧ. ಅದು ದೊಡ್ಡವರ ಪರೀಕ್ಷೆ."

ಈ ಮಾತಿಗೆ ಕಾನೂನಿನ ಬೆಂಬಲವೂ ಉಂಟು. ಆ ದೇಶದಲ್ಲಿ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಮೋಟಾರು ತಗುಲಿದರೆ, ಮಗುವಿನ ತಪ್ಪೇ ಇದ್ದರೂ, ನಷ್ಟ ತುಂಬಿಕೊಡುವ ಹೊಣೆ ಸಾಮಾನ್ಯವಾಗಿ ಮೋಟಾರಿನವನದೇ. ವೇಗದ ಲೆಕ್ಕವೂ ಇದೇ ನ್ಯಾಯವನ್ನು ಹೇಳುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದ ಗಾಡಿಯ ಹೊಡೆತದ ಶಕ್ತಿ, 30 ಕಿಲೋಮೀಟರು ವೇಗದ ಗಾಡಿಯದಕ್ಕಿಂತ ಎರಡೂ ಮುಕ್ಕಾಲು ಪಟ್ಟು ಹೆಚ್ಚು. 2023ರ ಡಿಸೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರವು ತನ್ನ ಹೆಚ್ಚಿನ ರಸ್ತೆಗಳಲ್ಲಿ 30 ಕಿಲೋಮೀಟರಿನ ಮಿತಿಯನ್ನು ಹಾಕಿತು.

ಎಲ್ಲವೂ ಅಲ್ಲಿ ಚೆನ್ನಾಗಿದೆಯೆಂದು ಹೇಳಿದರೆ ಅಜ್ಜಿಯೇ ನನಗೆ ತಪ್ಪು ಗುರುತು ಹಾಕಿಯಾರು. 2023ರಲ್ಲಿಯೂ ಆ ದೇಶದ ರಸ್ತೆಗಳಲ್ಲಿ 684 ಜನ ಸತ್ತರು. ಕಾರಿನೊಳಗೆ ಸತ್ತವರಿಗಿಂತ ಸೈಕಲ್ಲಿನ ಮೇಲೆ ಸತ್ತವರೇ ಹೆಚ್ಚು; ಅವರಲ್ಲಿ ಬಹುಮಂದಿ ವಯಸ್ಸಾದವರು. ವಿದ್ಯುತ್ತಿನ ಸೈಕಲ್ಲುಗಳ ವೇಗ ಹೊಸ ಚಿಂತೆ ತಂದಿದೆ. ಆದರೆ 1971ರ 3,300ರ ಪಕ್ಕದಲ್ಲಿ ಈ ಸಂಖ್ಯೆಯನ್ನಿಟ್ಟು ನೋಡಿದರೆ, ಜನಸಂಖ್ಯೆಯೂ ವಾಹನಗಳೂ ಎಷ್ಟೋ ಹೆಚ್ಚಿದ ಮೇಲೆಯೂ, ಎಷ್ಟು ಮನೆಗಳ ದೀಪ ಉಳಿದವೆಂಬುದು ತಿಳಿಯುತ್ತದೆ.

ಮುಕ್ಕಾಲು ಕಿಲೋಮೀಟರು

ಜೂನ್ ಮೊದಲ ವಾರ ಮೈಸೂರಿಗೆ ಹಿಂದಿರುಗಿದೆ. ಮಗಳಿಗೆ ತಂದ ಮರದ ಗೊಂಬೆಯನ್ನೂ ಸೈಕಲ್ಲಿನ ಗಂಟೆಯನ್ನೂ ಕೊಟ್ಟೆ. ಗೊಂಬೆ ಮೂಲೆ ಸೇರಿತು. ಗಂಟೆಯನ್ನು ಎರಡು ದಿನ ಬಾರಿಸಿ, ಮೂರನೆಯ ದಿನ ಕೇಳಿದಳು: "ಅಪ್ಪ, ಅಲ್ಲಿ ಮಕ್ಕಳೆಲ್ಲ ನಡೆದುಕೊಂಡು ಹೋಗ್ತಾರಂತಲ್ಲ. ನಾನು ಯಾವಾಗ ಹೋಗೋದು?"

ಅಲ್ಲಿಯ ನೆಲ ಸಮ, ಹವೆ ತಂಪು, ಹಣ ಹೆಚ್ಚು ಎಂದು ಅವಳಿಗೆ ಹೇಳಬಹುದಾಗಿತ್ತು. ಆದರೆ 1972ರಲ್ಲಿಯೂ ಅಲ್ಲಿಯ ನೆಲ ಸಮವಾಗಿಯೇ ಇತ್ತು, ಹವೆ ತಂಪಾಗಿಯೇ ಇತ್ತು; ಆದರೂ ಮಕ್ಕಳು ಸಾಯುತ್ತಿದ್ದರು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಮಂದಿ ಕೇವಲ ನಡೆಯುತ್ತಿದ್ದವರು. ನಾವು ಏನನ್ನೂ ಮಾಡಿಲ್ಲವೆಂದಲ್ಲ. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ನನ್ನ ತರಗತಿಯ ಹಳ್ಳಿಯ ಹುಡುಗಿಯರಲ್ಲಿ ಕೆಲವರು ಆ ಸೈಕಲ್ಲಿನಿಂದಲೇ ಪ್ರೌಢಶಾಲೆ ದಾಟಿದವರು. ಮೈಸೂರಿನಲ್ಲಿ 2017ರಲ್ಲಿ ಸಾರ್ವಜನಿಕರಿಗೆ ಬಾಡಿಗೆ ಸೈಕಲ್ಲಿನ ಏರ್ಪಾಡು ಬಂದಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ನಡೆಯುವವರಿಗೆ ಯೋಗ್ಯವಾದ ಕಾಲುದಾರಿ ದೊರೆಯುವುದು ಸಂವಿಧಾನದ 21ನೆಯ ವಿಧಿಯ ಹಕ್ಕಿಗೇ ಸೇರಿದ್ದೆಂದು ಹೇಳಿತು. ಸೈಕಲ್ಲು ಕೊಟ್ಟೆವು, ಹಕ್ಕನ್ನೂ ಸಾರಿದೆವು. ಇನ್ನು ಕೊಡಬೇಕಾದದ್ದು ದಾರಿ.

ಒಂದು ಭಾನುವಾರ ಮಗಳೂ ನಾನೂ ಕಾಗದ, ಪೆನ್ಸಿಲು ಹಿಡಿದು ಆ ಮುಕ್ಕಾಲು ಕಿಲೋಮೀಟರನ್ನು ನಡೆದೆವು. ಅವಳು ನೋಡಿದ್ದನ್ನು ಬರೆದಳು: ಚಪ್ಪಡಿ ಇಲ್ಲದ ಚರಂಡಿ ಎರಡು. ಕಾಲುದಾರಿಯ ಮೇಲೆ ನಿಲ್ಲಿಸಿದ ಕಾರು ಏಳು. ಟ್ರಾನ್ಸ್‌ಫಾರ್ಮರ್ ಒಂದು. ಮರಳಿನ ಗುಡ್ಡೆ ಒಂದು. ದಾಟಬೇಕಾದ ದೊಡ್ಡ ರಸ್ತೆ ಒಂದು. ನಾನು ಆ ಪಟ್ಟಿಯನ್ನೇ ಅರ್ಜಿಯಾಗಿ ಬರೆದೆ. ಆಟೋರಿಕ್ಷಾದಲ್ಲಿ ಹೋಗುತ್ತಿದ್ದ ಮಕ್ಕಳ ಮನೆಗಳಿಗೆಲ್ಲ ಹೋಗಿ ಸಹಿ ಕೇಳಿದೆವು. ಒಬ್ಬರು "ಮೇಷ್ಟ್ರೇ, ಇದೆಲ್ಲ ಆಗೋ ಮಾತೇ?" ಎಂದು ನಗುತ್ತಲೇ ಸಹಿ ಮಾಡಿದರು. ಇನ್ನೊಬ್ಬರು ಸಹಿ ಮಾಡಲಿಲ್ಲ. ಆದರೆ ಮರುದಿನ ತಮ್ಮ ಕಾರನ್ನು ಕಾಲುದಾರಿಯಿಂದ ಕೆಳಗಿಳಿಸಿದ್ದರು. ಅರ್ಜಿ ಕಚೇರಿ ಸೇರಿದೆ. ಚಪ್ಪಡಿಗಳು ಇನ್ನೂ ಬಂದಿಲ್ಲ. ತಿಂಗಳಿಗೊಮ್ಮೆ ಹೋಗಿ ವಿಚಾರಿಸುತ್ತೇನೆ. ಗುಮಾಸ್ತರಿಗೆ ಈಗ ನನ್ನ ಮುಖ ಪರಿಚಯ.

ದಾರಿ ಆಗುವವರೆಗೆ ಕಾಯಬೇಕೇ? ನಾಲ್ಕು ಮನೆಯವರು ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ದಿನಕ್ಕೊಬ್ಬ ದೊಡ್ಡವರು ಆರು ಮಕ್ಕಳನ್ನು ನಡೆಸಿಕೊಂಡು ಹೋಗುವುದು. ಸೋಮವಾರ ನನ್ನ ಸರದಿ. ಮಂಗಳವಾರ ಎದುರುಮನೆಯ ಅಜ್ಜಿಯದು. ಅಜ್ಜಿ ಊರುಗೋಲನ್ನು ಅಡ್ಡ ಚಾಚಿದರೆ ಸಿಟಿ ಬಸ್ಸೂ ನಿಲ್ಲುತ್ತದೆ. ದೊಡ್ಡ ರಸ್ತೆಯ ಅಂಚಿನಲ್ಲಿ ಮಕ್ಕಳೆಲ್ಲ ನಿಂತು, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ ಗಟ್ಟಿಯಾಗಿ ಹೇಳಬೇಕು: "ಈಗ ದಾಟಬಹುದು." ಹೇಳಿದ ಮೇಲೆಯೇ ನಾವು ಹೆಜ್ಜೆಯಿಡುವುದು. ತೀರ್ಮಾನ ಅವರದು, ತಪ್ಪಿದರೆ ತಡೆಯುವ ಕೈ ನಮ್ಮದು.

ಕಳೆದ ಸೋಮವಾರ ದೊಡ್ಡ ರಸ್ತೆಯನ್ನು ದಾಟಿದ ಮೇಲೆ ಮಗಳು ನನ್ನ ಕೈಯನ್ನು ಮೆಲ್ಲನೆ ಬಿಡಿಸಿಕೊಂಡಳು. ಅದು ಕಟ್ಟು ಹಾಕಿಸಿಕೊಂಡಿದ್ದ ಎಡಗೈ. "ಶಾಲೆಯ ಬಾಗಿಲವರೆಗೆ ನಾನು ಮುಂದೆ ಹೋಗ್ತೀನಿ" ಎಂದಳು. ಮುಂದೆ ಇದ್ದದ್ದು ಇನ್ನೂರು ಹೆಜ್ಜೆ. ಮೋಟಾರು ಹೆಚ್ಚಾಗಿ ಬಾರದ ಅಡ್ಡಬೀದಿ. ಹೋಗು ಎನ್ನಲು ನನಗೆ ಕೊಂಚ ಹೊತ್ತು ಹಿಡಿಯಿತು. ಅವಳು ಹೊರಟಳು. ನಿಲ್ಲಿಸಿದ್ದ ಗಾಡಿಯೊಂದರ ಬಳಿ ನಿಂತು, ಹಿಂದಕ್ಕೆ ತಿರುಗಿ ನೋಡಿ, ಯಾವ ವಾಹನವೂ ಬರುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಬಳಸಿ ಮುಂದೆ ನಡೆದಳು.

ನಾನು ಹಿಂದೆಯೇ ನಿಂತಿದ್ದೆ. ಅವಳು ನೋಡಿದ್ದು ನನ್ನನ್ನಲ್ಲ, ರಸ್ತೆಯನ್ನು.